ಹಂಚಿ ತಿಂದ ಗುಳಿಗಿ

ಮಠದ ದವಾಖಾನಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗ್ಯಾರು ಹೋದ ಶ್ರಾವಣದಾಗ ಶರಣಸಿರಸಗಿಗೆ ನಮ್ಮ ಮನಿಗೆ ಬಂದಿದ್ದರು. ಇಬ್ಬರೂ ಫಾರ್ಮಸಿ ಓದಿದವರು. ಅಮ್ಮಾ, ನೀವು ಕಮಲಾಪುರದಾಗ ಇಪ್ಪತ್ತಾರು ವರ್ಷ ಗುಳಿಗಿ ಕೊಟ್ಟೀರಂತ, ಕೆಲಸ ಹ್ಯಾಂಗಿರ್ತದ ಹೇಳ್ರಿ ಅಂದರು. ಚಾ ಕುಡಿಸಿ ಕಳಿಸಿದೆ. ಹೇಳಲಿಲ್ಲ. ಬಾಯಿಲೆ ಹೇಳಿದರ ನಾನು ನನ್ನ ಕಡಿಗೇ ಜಗ್ಗಿ ಹೇಳ್ತೇನಿ ಅಂತ ನನಗ ಗೊತ್ತು. ಅದಕ್ಕ ಅವರಿಬ್ಬರ ಸಲುವಾಗಿ ಇದನ್ನ ಬರೀತೇನಿ. ಬರದರ ಹಂಗ ಆಗೋದಿಲ್ಲ. ನನಗ ಒಂದು ಸಾಲು ಬರಿಯಾಕ ಅರ್ಧ ತಾಸು ಬೇಕು. ಅಷ್ಟೊತ್ತು ಒಂದು ಸುಳ್ಳು ಹಿಡಕೊಂಡು ಕೂಡಾಕ ನನ್ನ ಕಡಿಂದ ಆಗೋದಿಲ್ಲ.

ನಾನು ಕಲಿತದ್ದು ನಾಕನೇತ್ತೆ ತನಕ. ಹೆಸರು ನಿಂಗಮ್ಮ. ಗಂಡ ಸತ್ತ ಮ್ಯಾಲೆ ಮಠದವರು ದವಾಖಾನಿ ಕಸ ಗುಡಸಾಕ ಇಟ್ಟುಕೊಂಡರು. ಗುಳಿಗಿ ಕೊಡೋ ಕೆಲಸ ಆಮ್ಯಾಲೆ ಬಂತು. ನಾನು ಶಾಣ್ಯಾಕಿ ಅಂತ ಕೊಡಲಿಲ್ಲ, ಮತ್ತೊಬ್ಬರು ಇರಲಿಲ್ಲ ಅಂತ ಕೊಟ್ಟರು.

ದವಾಖಾನಿ ಅಂದರ ಎರಡು ಖೋಲಿ. ಒಂದರಾಗ ಡಾಕ್ಟರ್ ಸಾಹೇಬರು ಕೂಡತಿದ್ದರು. ಸರ್ಕಾರಿ ನೌಕರಿ ಮುಗಿಸಿ ಮಠಕ್ಕೆ ಸೇವಾ ಅಂತ ಬಂದವರು. ಬಾಯಿ ಜೋರು, ಕೈ ಹಗುರ. ಇನ್ನೊಂದು ಖೋಲಿಯೊಳಗ ನಾನು, ಒಂದು ಕಿಡಕಿ, ಮತ್ತ ಬುಟ್ಟಿಗಳು. ಬುಟ್ಟಿ ಅಂದೆ, ಕಪಾಟು ಅನ್ನಲಿಲ್ಲ. ಮಠಕ್ಕೆ ಭಕ್ತರು ಜೋಳ ಕೊಡತಾರ, ತೊಗರಿ ಕೊಡತಾರ, ಬೆಲ್ಲ ಕೊಡತಾರ. ದವಾಖಾನಿ ತೆರದಾರ ಅಂತ ಗೊತ್ತಾದ ಮ್ಯಾಲೆ ಔಷಧ ತಂದು ಕೊಡಾಕ ಹತ್ತಿದರು. ಮನ್ಯಾಗ ಉಳದದ್ದು. ಅರ್ಧ ಬಾಟ್ಲಿ ಕೆಮ್ಮಿನ ಔಷಧ, ಮುಚ್ಚಳ ಇಲ್ಲದ ಕಣ್ಣಿನ ಹನಿ, ಹೆಸರು ಇದ್ದ ಕಡೀನೇ ಹರದು ಹೋದ ಗುಳಿಗಿ ಪಟ್ಟಿ. ಕಲಬುರಗಿಯಿಂದ ಒಬ್ಬ ಸಾಹುಕಾರ್ತಿ ಕಾರಿನಾಗ ಬಂದು ಒಂದು ಚೀಲ ಇಳಿಸಿದಳು. ಗಂಡನ ಎದಿ ಬ್ಯಾನಿ ಗುಳಿಗಿ. ಗಂಡ ಸತ್ತು ಹನ್ನೆರಡು ದಿನ ಆಗಿತ್ತು. ಯಾರಾದರೂ ಒಳ್ಳೇ ಮನುಷ್ಯಾಗ ಕೊಡ್ರಿ, ಕುಡುಕರಿಗೆ ಕೊಡಬ್ಯಾಡ್ರಿ ಅಂದಳು. ಆಗಲ್ರಿ ಅಂದೆ. ಮಠಕ್ಕೆ ಬಂದದ್ದು ಬ್ಯಾಡ ಅನ್ನೋ ಪದ್ಧತಿ ಇಲ್ಲ.

ನಾನು ಅವನ್ನು ಬಣ್ಣ ನೋಡಿ ಬೇರೆ ಮಾಡತಿದ್ದೆ. ಬಿಳೇದು ಒಂದು ಬುಟ್ಟಿ, ಹಳದಿ ಒಂದು, ಕೆಂಪು ಒಂದು. ಡಾಕ್ಟರ್ ಸಾಹೇಬರು ಚೀಟಿ ಮ್ಯಾಲೆ ಬರದದ್ದು ನನಗ ಪೂರಾ ಓದಾಕ ಬರತಿರಲಿಲ್ಲ, ಅವರೂ ಓದು ಅಂತ ಬರದವರಲ್ಲ. ರಕ್ತ ಕಡಿಮಿ ಆದ ಬಸುರಿಗೆ ಕೆಂಪು ಗುಳಿಗಿ ಕೊಡಬೇಕು ಅಷ್ಟು ಗೊತ್ತಿತ್ತು. ಒಂದು ದಿನ ಕೊಟ್ಟೆ. ಸಾಹೇಬರು ಹೊರಗ ಬಂದವರು ಬುಟ್ಟಿ ನೋಡಿ, ಯಾವ ಕೆಂಪು ಕೊಟ್ಟಿ ಅಂದರು. ತೋರಿಸಿದೆ. ಅದು ಆ ಸಾಹುಕಾರ್ತಿ ಗಂಡಂದು. ಬಸ್ ಸ್ಟ್ಯಾಂಡ್ ತನಕ ಓಡಿ ಹೋಗಿ, ಬಸ್ಸಿನಾಗ ಕುಂತಾಕಿ ಕೈಯಿಂದ ಕಸಗೊಂಡು ಬಂದೆ. ಆಕಿ ಮಠದಾಕಿ ಕೊಟ್ಟಿದ್ದು ಕಸಗೋತಾಳ ಅಂತ ಬಸ್ಸಿನ ಮಂದಿಗೆಲ್ಲ ಹೇಳಿದಳು. ಹೇಳಲಿ. ಅವತ್ತು ನಾನು ಅಳಲಿಲ್ಲ, ಊಟ ಮಾಡಲಿಲ್ಲ ಅಷ್ಟೇ.

ಮಂದಿನೂ ಸಸಾರ ಇರಲಿಲ್ಲ. ಗುಳಿಗಿ ಅಂದರ ಮೂಗು ಮುರೀತಿದ್ದರು. ಸೂಜಿ ಬೇಕು. ಸೂಜಿ ಇಲ್ಲಂದರ ಸಲಾಯಿನ್ ಬೇಕು. ಒಬ್ಬ ಮುತ್ಯಾ ಬಾಳಿ ತೋಟದಿಂದ ಬರತಿದ್ದ, ಕೈಯಾಗ ಒಂದು ಚಿಪ್ಪು ಕೆಂಪು ಬಾಳಿಹಣ್ಣು. ಸಾಹೇಬರ ಮುಂದ ಹಣ್ಣು ಇಟ್ಟು ಧೋತರ ಸಡ್ಲ ಮಾಡಿ ನಿಂದರತಿದ್ದ, ಎರಡೂ ಕಡಿ ಹಾಕ್ರಿ, ಒಂದು ಕಡಿ ಹಾಕಿದರ ಒಂದು ಕಡೀನೇ ಹುಷಾರಾಗ್ತದ ಅಂತಿದ್ದ. ಸಾಹೇಬರು ಬೈತಿದ್ದರು, ಹಾಕತಿದ್ದರು. ಬೈಯೋದೊಂದೇ ಮಾಡಿದ್ದರ ನಾನು ಅವರಿಗೆ ಇನ್ನೂ ಮರ್ಯಾದಿ ಕೊಡತಿದ್ದೆ.

ಇಂಥಾದ್ದರಾಗ ಸಿಸ್ಟರ್ ಕ್ಲಾರಾ ಬಂದರು. ಮಂಗಳೂರು ಕಡಿಯವರು. ಆಫ್ರಿಕಾದಾಗ ಹದಿನೆಂಟು ವರ್ಷ ಮಿಷನ್ ದವಾಖಾನಿಯೊಳಗ ಔಷಧದ ಕೋಣಿ ನೋಡಿಕೊಂಡವರು. ವಯಸ್ಸಾಯಿತು ಅಂತ ಅಲ್ಲಿಂದ ಕರಿಸಿ ಕಲಬುರಗಿಗೆ ಹಾಕಿದ್ದರು. ಅವರು ಸುಮ್ಮನ ಕೂಡೋ ಪೈಕಿ ಅಲ್ಲ. ಚರ್ಚಿನ ದವಾಖಾನಿ, ನಮ್ಮ ಮಠದ್ದು, ಒಂದು ದರ್ಗಾದ ಕಡಿಯವರು ನಡಸೋ ದವಾಖಾನಿ, ಮೂರೂ ಕಡಿ ತಿರುಗಾಡಿ ನೋಡಿದರು. ನಮ್ಮ ಬುಟ್ಟಿ ಮುಂದ ಬಾಳೊತ್ತು ನಿಂತರು. ನಾನು ಬೈತಾರ ಅಂತ ಕಾದೆ. ಅವರು ನಕ್ಕರು. ಆಫ್ರಿಕಾದಾಗೂ ಹಿಂಗೇ ಇತ್ತಂತ. ದೂರದ ದೇಶದ ಭಕ್ತರು ಉಳದ ಔಷಧ ಪೆಟ್ಟಿಗಿ ಕಟ್ಟಿ ಕಳಸತಿದ್ದರಂತ. ಅರ್ಧ ತಾರೀಕು ಮುಗಿದದ್ದು, ಉಳಿದರ್ಧ ಯಾರಿಗೂ ಬರದ ಭಾಷಾದಾಗ ಬರದದ್ದು. ನಮ್ಮ ಬುಟ್ಟಿ ಅಲ್ಲೂ ಇತ್ತು, ಅವರದು ಹಡಗಿನ್ಯಾಗ ಬರತಿತ್ತು ಅಷ್ಟೇ. ಕಡೀಕೆ ಒಬ್ಬರ ಮಾರಿ ಒಬ್ಬರು ನೋಡದ ಚರ್ಚಿನವರೆಲ್ಲ ಒಂದಾಗಿ, ಯಾವ ಔಷಧ ಖರೇನೇ ಬೇಕು ಅಂತ ಒಂದು ಪಟ್ಟಿ ಮಾಡಿ, ಕೂಡಿ ಖರೀದಿ ಮಾಡಿ, ಒಂದೇ ಕೋಣಿಯೊಳಗ ಇಟ್ಟು ಹಂಚಿಕೊಂಡರಂತ. ಇಲ್ಲೂ ಹಂಗ ಮಾಡೋಣು ಅಂದರು.

ಮಠದ ಸ್ವಾಮಿಗಳು, ನಮ್ಮ ಅಪ್ಪೋರು, ಹೂಂ ಅಂದರು. ದರ್ಗಾದ ಕಡಿಯವರೂ ಹೂಂ ಅಂದರು. ಕಲಬುರಗಿಯೊಳಗ ಜಗತ್ ಸರ್ಕಲ್ ಹಿಂದ ಒಂದು ಖೋಲಿ ಹಿಡದು ಮೂವರ ಔಷಧ ಒಂದೇ ಕಡಿ ಇಟ್ಟರು. ಶನಿವಾರಕ್ಕೊಮ್ಮೆ ನಾನು ಅಲ್ಲಿಂದ ಪೆಟ್ಟಿಗಿ ತಗೊಂಡು ಕಮಲಾಪುರದ ಬಸ್ಸು ಹತ್ತತಿದ್ದೆ. ದರ್ಗಾದ ದವಾಖಾನಿ ಹೆಣ್ಣುಮಗಳು ನನ್ನ ಪೆಟ್ಟಿಗಿ ಎತ್ತಿ ಕೊಡತಿದ್ದಳು, ನಾನು ಆಕೀದು ಎತ್ತಿ ಕೊಡತಿದ್ದೆ. ನಿಮ್ಮ ದೇವರ ಜ್ವರದ ಗುಳಿಗಿ ನಮ್ಮ ದೇವರ ಪೆಟ್ಟಿಗ್ಯಾಗ ಬಂದಾವ ನೋಡ ಅಂತ ಆಕಿ ಚಾಷ್ಟಿ ಮಾಡತಿದ್ದಳು.

ಆದರ ಹಳೇ ಬುಟ್ಟಿ ಏನು ಮಾಡೋದು? ಮಠಕ್ಕೆ ಕೊಟ್ಟದ್ದನ್ನು ತಿಪ್ಪಿಗೆ ಹಾಕಿದರ ಭಕ್ತರು ಬಿಡತಾರೇನು? ಮಠದ ಕಮಿಟಿಯ ಹಿರಿಯರು ಕೂತು ವಿಚಾರ ಮಾಡಿ, ಒಡದ ಮೂರ್ತಿ ಬಿಟ್ಟಂಗ ಹೊಳೀಗೆ ಬಿಡೋಣು ಅಂದರು. ಪೂಜಾ ಮಾಡಿಸಿ ಬಿಡೋಣು ಅಂದರು. ಸಿಸ್ಟರ್ ತಲಿ ಹಿಡಕೊಂಡು ಕುಂತರು. ಹೊಳಿ ನೀರು ದನ ಕುಡೀತಾವ, ಮಂದಿ ಕುಡೀತಾರ ಅಂತ ತಿಳಿಸಿ ಹೇಳಬೇಕಾದರ ಮಧ್ಯಾಹ್ನ ಆತು. ಕಡೀಕೆ ದವಾಖಾನಿ ಹಿಂದ ಆಳ ತಗ್ಗು ತೋಡಿಸಿ, ಗುಳಿಗಿ ಜಜ್ಜಿ, ಸುಣ್ಣ ಹಾಕಿ ಮುಚ್ಚಿದೆವು. ಅಪ್ಪೋರು ತಾವೇ ಬಂದು ಮೊದಲ ಬುಟ್ಟಿ ಸುರುವಿದರು. ಅದಕ್ಕ ಮಂದಿ ಬಾಯಿ ಮುಚ್ಚಿತು.

ಆಮ್ಯಾಲೆ ಸಿಸ್ಟರ್ ನನಗ ಕಾರ್ಡು ಕಲಿಸಿದರು. ಒಂದೊಂದು ಔಷಧಕ್ಕ ಒಂದು ಕಾರ್ಡು, ಒಂದೊಂದು ರೋಗಿಗೆ ಒಂದು ಕಾರ್ಡು. ಏನು ಬಂತು, ಏನು ಹೋತು, ಮತ್ತ ಯಾವಾಗ ಬರಬೇಕು. ನನಗ ಅಂಕಿ ಬರತಿತ್ತು, ಸಾಕಾತು. ಪಾಕೀಟಿನ ಮ್ಯಾಲೆ ಮುಂಜಾನಿಗೆ ಸೂರ್ಯ, ರಾತ್ರಿಗೆ ಚಂದ್ರಾಮ ಬರೀತಿದ್ದೆ. ಅವರು ಒಂದು ನಿಯಮ ಮಾಡಿದರು. ತಾರೀಕಿಗಿಂತ ಮೊದಲು ಯಾರಾದರೂ ಬಂದರ ಮೊದಲು ಯಾಕ ಅಂತ ಕೇಳು, ಆಮ್ಯಾಲೆ ಇಲ್ಲ ಅನ್ನು. ನಾನು ಕಲಿತೆ. ಎಷ್ಟು ಕಲಿತೆ ಅನ್ನೋದು ಮುಂದ ಬರ್ತದ.

ಸೂಜಿ ಬಂದ್ ಆತು. ಬೇಕಾದವರಿಗಷ್ಟೇ. ಮಂದಿ ಸಿಟ್ಟಾದರು. ಬಾಳಿ ತೋಟದ ಮುತ್ಯಾ ಹಣ್ಣು ತಿರುಗಿ ಒಯ್ದ. ಗುಳಿಗಿ ಕೊಟ್ಟರ ಹೊರಗ ಹೋಗಿ ಗಟಾರಕ್ಕೆ ಒಗೀತಿದ್ದರು, ಮುಂಜಾನಿ ಕಸ ಗುಡಸಾಕ ಹೋದರ ನಾನು ಕೊಟ್ಟದ್ದು ನನಗೇ ಸಿಗತಿತ್ತು. ಸಿಸ್ಟರ್ ತಿಳಿಸಿ ಹೇಳೋ ಪೋಸ್ಟರ್ ತಂದು ಹಚ್ಚಿದರು. ಯಾರೂ ನೋಡಲಿಲ್ಲ. ಆಗ ನನಗ ಒಂದು ಮಾತು ಹೊಳೀತು. ಕಿಡಕಿಯೊಳಗಿಂದ ಪಾಕೀಟು ಕೊಡುವಾಗ ಅಂದೆ, "ಇದು ಬರೇ ಗುಳಿಗಿ ಅಲ್ಲ, ಮಠದ ಪ್ರಸಾದ. ಒಗೀಬ್ಯಾಡ್ರಿ."

ಅಷ್ಟೇ. ಮರುದಿನದಿಂದ ಗಟಾರದಾಗ ಒಂದು ಗುಳಿಗಿ ಇಲ್ಲ. ಮಂದಿ ಎರಡೂ ಕೈ ಚಾಚಿ ತಗೊಂಡು, ಕಣ್ಣಿಗೆ ಒತ್ತಿಕೊಂಡು ಸೆರಗಿನ್ಯಾಗ ಕಟ್ಟಿಕೊಂಡು ಹೋಗಾಕ ಹತ್ತಿದರು. ಸಿಸ್ಟರ್ ಏನು ಮಾಡಿದಿರಿ ನಿಂಗಮ್ಮ ಅಂತ ಕೇಳಿದರು. ಹೇಳಿದೆ. ಅವರು ಬಾಳ ಖುಷಿ ಆದರು, ಆಫ್ರಿಕಾದವರಿಗೆ ಪತ್ರ ಬರೀತೇನೆ ಅಂದರು. ನನಗ ಸೊಕ್ಕು ಬಂತು. ಓದಿದವರ ಪೋಸ್ಟರಿನಿಂದ ಆಗದ್ದು ನನ್ನ ಬಾಯಿಯಿಂದ ಆತು ಅಂತ.

ಭಾಗಮ್ಮ ಬಂದದ್ದು ಆಗ. ಕಮಲಾಪುರದಿಂದ ಆಚಿ ಒಂದು ಹಳ್ಳಿ ಸೊಸಿ. ಇಪ್ಪತ್ತೆರಡರ ಒಳಗಿನ ಹುಡುಗಿ. ಫಿಟ್ಸ್ ಬರತಿತ್ತು. ಒಲಿ ಮುಂದ ಬಿದ್ದು ಒಂದು ಕೈ ಸುಟ್ಟಿತ್ತು. ಗಾಳಿ ಅಂತ ಯಾವ್ಯಾವುದೋ ಗುಡಿಗೆ ಎಳಕೊಂಡು ಹೋಗಿ ಆಗಿತ್ತು. ಅತ್ತಿ ಗಂಗಮ್ಮ ಕೈ ಹಿಡದು ಕರಕೊಂಡು ಬಂದಿದ್ದರು, ಸೊಸಿನ್ನ ತವರಿಗೆ ಕಳಿಸಿಬಿಡೋ ಮಾತು ಮನ್ಯಾಗ ನಡದದ, ನಾನು ಬಿಟ್ಟಿಲ್ಲ ಅಂದರು. ಒಳ್ಳೇ ಹೆಣ್ಣುಮಗಳು. ಡಾಕ್ಟರ್ ಸಾಹೇಬರು ದಿನಾ ರಾತ್ರಿ ಒಂದು ಗುಳಿಗಿ ಬರದರು. ಒಂದು ದಿನ ತಪ್ಪಿಸಬಾರದು, ಒಮ್ಮೆಲೆ ಬಿಟ್ಟರ ಮೊದಲಿಗಿಂತ ಜೋರು ಬರ್ತದ ಅಂತ ಹೇಳಿದರು. ನಾನು ವಾರಕ್ಕ ಏಳು ಗುಳಿಗಿ ಕೊಡತಿದ್ದೆ. ಪ್ರಸಾದ ಅಂತ ತಿಳಕೊಂಡು ನುಂಗವ್ವಾ ಅಂದೆ. ಎರಡು ತಿಂಗಳು ಒಂದು ಫಿಟ್ಸ್ ಬರಲಿಲ್ಲ. ಹುಡುಗಿ ಮಾರಿ ಮ್ಯಾಲೆ ಕಳೆ ಬಂತು. ನನ್ನ ಕಿಡಕಿ ಮುಂದ ನಿಂತು, ಅಮ್ಮಾರ, ನಾ ಈಗ ಒಬ್ಬಾಕಿನೇ ನೀರಿಗೆ ಹೋಗ್ತೇನ್ರಿ ಅಂತ ಹೇಳಿದಳು. ನೀರಿಗೆ ಹೋಗೋದು ಸಣ್ಣ ಮಾತು ಅನ್ನಬ್ಯಾಡ್ರಿ. ಆಕಿಗೆ ಅದು ದೊಡ್ಡದಿತ್ತು.

ವಾರಕ್ಕೊಮ್ಮೆ ಅಷ್ಟು ದೂರದಿಂದ ಕೂಲಿ ಬಿಟ್ಟು ಯಾಕ ಬರತಾಳ ಅಂತ ನಾನೇ ಸಾಹೇಬರಿಗೆ ಕೇಳಿ ತಿಂಗಳದ್ದು ಒಮ್ಮೆಲೆ ಕೊಟ್ಟೆ. ಮೂವತ್ತು ಗುಳಿಗಿ. ಆಕಿ ಪಾಕೀಟು ಕೈಯಾಗ ತೂಗಿ ನೋಡಿ, ಇಷ್ಟೊಂದು ನನಗೇನ್ರಿ ಅಂದಳು. ನಿನಗೇ ಅಂದೆ.

ಹನ್ನೆರಡನೇ ದಿನಕ್ಕ ಬಂದಳು. ಒಬ್ಬಾಕಿನೇ. ಸೋಮವಾರ, ಮಠದಾಗ ಮಂದಿ, ನನ್ನ ಕಿಡಕಿ ಮುಂದ ದೊಡ್ಡ ಪಾಳಿ. ಮುಗದಾವ್ರೀ ಅಂದಳು. ಕಾರ್ಡು ನೋಡಿದೆ. ಇನ್ನೂ ಹದಿನೆಂಟು ದಿನ ಇತ್ತು.

"ಮೂವತ್ತು ಕೊಟ್ಟೀನಿ. ಹನ್ನೆರಡು ದಿನದಾಗ ಹ್ಯಾಂಗ ಮುಗೀತಾವ? ಮಾರಿಕೊಂಡೇನು?"

ಪಾಳಿಯೊಳಗಿನ ಮಂದಿ ನಕ್ಕರು. ಆಕಿ ನಗಲಿಲ್ಲ. ಸರದು ಗ್ವಾಡಿಗೆ ಆತು ನಿಂತಳು. ಹೋಗಲಿಲ್ಲ. ನಾನು ಒಬ್ಬೊಬ್ಬರಿಗೆ ಕೊಡತಾ ಹೋದೆ, ಆಕಿ ನಿಂತೇ ಇದ್ದಳು. ಪಾಳಿ ಮುಗಿದ ಮ್ಯಾಲೆ ಆಕಿ ಕಡಿ ನೋಡಿ, ತಾರೀಕಿಗೆ ಬಾರವ್ವ, ಈಗ ಕೊಟ್ಟರ ನನ್ನ ಕಾರ್ಡು ತಪ್ಪತದ ಅಂದೆ. ಸಿಟ್ಟಿಲೆ ಅನ್ನಲಿಲ್ಲ, ನೆಟ್ಟಗೇ ಅಂದೆ. ಆಕಿ ಹೂನ್ರಿ ಅಂದು ಹೋದಳು. ಡಬ್ಬ್ಯಾಗ ಆ ಗುಳಿಗಿ ಬೇಕಾದಷ್ಟು ಇದ್ದವು. ಅದನ್ನೂ ಬರೀತೇನಿ. ಔಷಧ ಇಲ್ಲದಕ್ಕ ಕಳಸಲಿಲ್ಲ. ಇದ್ದು ಕಳಿಸಿದೆ.

ನಾಕನೇ ದಿನಕ್ಕ ಹಳ್ಳದಾಗ ಅರಬಿ ಒಗೀವಾಗ ಫಿಟ್ಸ್ ಬಂದು ಬೋರಲು ಬಿದ್ದಳು. ಮೊಣಕಾಲು ಮಟ ನೀರು ಇರಲಿಲ್ಲಂತ. ಅಷ್ಟು ನೀರು ಸಾಕಾತು.

ಸುದ್ದಿ ತಂದವರು ಅದೇ ಊರಿನ ಒಬ್ಬ ರೋಗಿ. ನಾನು ಮರುದಿನ ಮಣ್ಣಾದ ಮ್ಯಾಲೆ ಹೋದೆ. ಯಾರೂ ನನಗ ಏನೂ ಅನ್ನಲಿಲ್ಲ, ಮಠದಿಂದ ಬಂದಾರ ಅಂತ ಚಾಪಿ ಹಾಸಿದರು. ಗಂಗಮ್ಮನ ಬಾಜೂಕ ಕುಂತೆ. ಅವರು ತಾವಾಗೇ ಹೇಳಾಕ ಹತ್ತಿದರು. ಭಾಗಮ್ಮ ಮೂವತ್ತು ಗುಳಿಗಿ ತಂದ ದಿನ ಜಗಲಿ ಮ್ಯಾಲೆ ದೇವರ ಮುಂದ ಇಟ್ಟಳಂತ. ರಾತ್ರಿ ತಾನು ನುಂಗೋ ಮೊದಲು ಅತ್ತಿಗೆ ಒಂದು ಕೊಟ್ಟಳಂತ. ನನಗ ಮೊಣಕಾಲು ಬ್ಯಾನಿ, ಅದನ್ನ ತಗೊಂಡ ರಾತ್ರಿ ಚಂದ ನಿದ್ದಿ ಬರತಿತ್ತು ನೋಡ್ರಿ ಅಂದರು ಗಂಗಮ್ಮ. ಬಾಜೂ ಮನಿ ಮುದುಕಿ ಕೇಳಿದರ ಆಕಿಗೂ ಕೊಟ್ಟಳಂತ. ಸೋಮವಾರ ಬಂದವರಿಗೆಲ್ಲ ಒಂದೊಂದು.

ನಾನು, ಯಾಕ ಕೊಟ್ಟಳು, ಅದು ಆಕಿ ಔಷಧ ಅಲ್ಲೇನ್ರಿ ಅಂದೆ.

ಗಂಗಮ್ಮ ನನ್ನ ಮಾರಿ ನೋಡಿದರು, ಇಷ್ಟು ವಯಸ್ಸಾಗಿ ಇದು ಗೊತ್ತಿಲ್ಲೇನು ಅನ್ನೋ ಹಂಗ.

"ಏಳು ಇದ್ದಾಗ ಒಬ್ಬಾಕಿನೇ ನುಂಗಿದಳ್ರಿ. ಮೂವತ್ತು ಬಂದ ಮ್ಯಾಲೆ ಹ್ಯಾಂಗ? ಪ್ರಸಾದ ಒಬ್ಬರೇ ತಿಂತಾರೇನ್ರಿ?"

ಆಮ್ಯಾಲೆ ಇನ್ನೊಂದು ಹೇಳಿದರು. ಮುಗದ ಮ್ಯಾಲೆ ತರತೇನಿ ಅಂತ ಸೋಮವಾರ ಕಮಲಾಪುರಕ್ಕ ಹೋಗಿದ್ದಳಂತ. ಖಾಲಿ ಕೈಲೆ ಬಂದು, ದವಾಖಾನಿ ಬಂದ್ ಇತ್ತು ಅಂದಳಂತ. ಆಕಿ ನನ್ನ ಮಾನ ಕಾದಳೋ, ಮಾರಿಕೊಂಡೇನು ಅಂದದ್ದನ್ನು ಮನ್ಯಾಗ ಹೇಳಾಕ ನಾಚಿದಳೋ ನನಗ ಗೊತ್ತಿಲ್ಲ. ಹೌದೇನ್ರಿ ಅಂದೆ ಗಂಗಮ್ಮಗ. ಎದ್ದು ಬಸ್ಸು ಹಿಡದೆ.

ಸಿಸ್ಟರಿಗೆ ಹೇಳಿದೆ, ಎಲ್ಲಾ ಹೇಳಿದೆ. ಅವರು ಕಾರ್ಡು ತರಿಸಿ ನೋಡಿದರು.

"ಬೇಗ ಯಾಕೆ ಮುಗಿಯಿತು ಅಂತ ಕೇಳಿದಿರಾ ನಿಂಗಮ್ಮ?"

"ಕೇಳಿದೆ."

"ಏನು ಉತ್ತರ ಕೊಟ್ಟಳು?"

ಉತ್ತರ ಬರೋ ಹಂಗ ನಾನು ಕೇಳಿರಲಿಲ್ಲ. ಮಂದಿ ನಗೋ ಹಂಗ ಕೇಳಿದ್ದೆ. ಸಿಸ್ಟರ್ ಕಾರ್ಡು ಕೆಳಗ ಇಟ್ಟರು. ಪ್ರಸಾದ ಅನ್ನೋ ಮಾತು ಕೇಳಿ ನಾನೂ ಖುಷಿ ಪಟ್ಟಿದ್ದೆ, ಪತ್ರ ಬರೆದದ್ದು ನಾನೇ ಅಂದರು ಅಷ್ಟೇ. ಆಫ್ರಿಕಾಕ್ಕ ಇನ್ನೊಂದು ಪತ್ರ ಬರದರಂತ. ಅದರಾಗ ಏನು ಬರದರೋ ನಾನು ಕೇಳಲಿಲ್ಲ. ಡಾಕ್ಟರ್ ಸಾಹೇಬರು ಮಾತ್ರ, ನಾ ಏನು ಮಾಡಲಿ, ತಪ್ಪಿಸಬಾರದು ಅಂತ ಹೇಳಿದ್ದೆ ಅಂದರು. ಖರೆ, ಹೇಳಿದ್ದರು.

ಮುಂದಿನ ಸೋಮವಾರದಿಂದ ಪಾಳಿಯೊಳಗ ಬಂದ ಎಲ್ಲಾರಿಗೂ ಒಂದು ಮಾತು ಕೇಳಾಕ ಹತ್ತಿದೆ, ಈ ಗುಳಿಗಿ ಮನ್ಯಾಗ ಮತ್ತ ಯಾರು ತಿಂದರು ಅಂತ. ಬೈಯೋ ಹಂಗ ಅಲ್ಲ, ಊಟ ಆತೇನು ಅಂತ ಕೇಳೋ ಹಂಗ. ಮಂದಿ ಸರಳ ಹೇಳಿದರು. ತಮ್ಮಗ ಕೊಟ್ಟೆನ್ರಿ, ಬೀಗರು ಬಂದಿದ್ದರು ಅವರಿಗೆ ಕೊಟ್ಟೆನ್ರಿ. ಒಬ್ಬಾಕಿ ಎಮ್ಮಿಗೂ ಕೊಟ್ಟಿದ್ದಳು. ಯಾರಿಗೂ ಅದು ತಪ್ಪು ಅನಿಸಿರಲಿಲ್ಲ. ಪ್ರಸಾದ ಅಂತ ಹೇಳಿದಾಕಿ ನಾನು.

ಅಲ್ಲ, ಪ್ರಸಾದ ಅಲ್ಲ ಅಂತ ಒಮ್ಮೆಲೆ ತಿರುವಿ ಹೇಳಿದರ ಮತ್ತ ಗಟಾರಕ್ಕ ಹೋಗ್ತಾವ. ಅಪ್ಪೋರ ಕಡಿ ಹೋಗಿ ಕೇಳಿದೆ. ಹಂಚೋದು ಬಿಡಿಸಬ್ಯಾಡ, ಹಂಚಾಕ ಬೇರೆ ಕೊಡು ಅಂದರು. ಅಂದಿನಿಂದ ಗುಳಿಗಿ ಪಾಕೀಟಿನ ಜೋಡಿ ಒಂದು ಸಣ್ಣ ಸಕ್ಕರಿ ಪಾಕೀಟು ಕೊಡಾಕ ಸುರು ಮಾಡಿದೆವು. ಸಕ್ಕರಿ ಮನಿಮಂದಿಗೆ, ಗುಳಿಗಿ ರೋಗಿಗೆ. ಹುಡುಗ್ಯಾರ, ಈಗ ನೀವಿಬ್ಬರೂ ಕೊಡೋದು ಅದೇ ಸಕ್ಕರಿ. ನಿಮಗ ಅದು ಮಠದ ಪದ್ಧತಿ ಅಂತ ಹೇಳಿರಬೇಕು. ಅದು ಭಾಗಮ್ಮ ಸತ್ತದ್ದಕ್ಕ ಬಂದದ್ದು.

ಗಂಗಮ್ಮ ಮೊಣಕಾಲಿಗೆ ಔಷಧ ಕೇಳಾಕ ಮೂರು ತಿಂಗಳ ಮ್ಯಾಲೆ ಬಂದರು. ಪಾಳಿ ಮುಗಿದಿತ್ತು. ಎರಡೂ ಪಾಕೀಟು ಕಿಡಕಿ ಕಟ್ಟಿ ಮ್ಯಾಲೆ ಇಟ್ಟು, ಸಕ್ಕರಿ ಹಂಚ್ರಿ, ಗುಳಿಗಿ ನೀವೊಬ್ಬರೇ ತಗೋರಿ ಅಂದೆ. ಅವರು ಸಕ್ಕರಿ ಪಾಕೀಟು ಬೆರಳಿಲೆ ಒತ್ತಿ ನೋಡಿದರು.

"ಇದು ಆಗ ಯಾಕ ಕೊಡಲಿಲ್ರೀ?"

ಗೊತ್ತಿರಲಿಲ್ಲ ಅಂದರ ಅದು ಸುಳ್ಳಲ್ಲ. ಆದರ ಅಷ್ಟಕ್ಕೇ ನಿಂದರಾಕ ಆಗಲಿಲ್ಲ. ಅವತ್ತು ದವಾಖಾನಿ ಬಂದ್ ಇರಲಿಲ್ರಿ, ನಾನೇ ಇದ್ದೆ, ಗುಳಿಗಿನೂ ಇದ್ದವು, ತಾರೀಕು ಆಗಿಲ್ಲ ಅಂತ ನಾನೇ ತಿರುಗಿ ಕಳಿಸಿದೆ ಅಂದೆ.

ಗಂಗಮ್ಮ ಸಕ್ಕರಿ ಪಾಕೀಟಿನಿಂದ ಬೆರಳು ತಗದರು. ಆಮ್ಯಾಲೆ ಕೇಳಿದರು.

"ಎಷ್ಟೊತ್ತು ನಿಂತಿದ್ಳು?"

"ಪಾಳಿ ಮುಗಿಯೋ ತನಕ."

"ಬಿಸಲಾಗ ನಡಕೋತ ಬಂದಿದ್ಳು. ನೀರರ ಕೊಟ್ಟಿದ್ರೇನು?"

ಇಲ್ಲ ಅಂದೆ.

ಅವರು ಗುಳಿಗಿ ಪಾಕೀಟು ಸೆರಗಿನ್ಯಾಗ ಕಟ್ಟಿಕೊಂಡು ಬಸ್ ಸ್ಟ್ಯಾಂಡ್ ಕಡಿ ಹೋದರು. ಸಕ್ಕರಿ ಒಯ್ಯಲಿಲ್ಲ.